ತಿಂಗಳಿಗೆ 50 ರೂಪಾಯಿ, ಮತ್ತೆ ನಮ್ಮೂರ ವೀರಗಲ್ಲು

ಸಿರುಗುಪ್ಪ ತಾಲೂಕಿನ ನಮ್ಮೂರಲ್ಲಿ ಅಗಸಿ, ಅಂದರೆ ಊರಬಾಗಿಲು, ದಾಟಿದ ಕೂಡಲೇ ಎಡಗಡೆ ಒಂದು ಕಲ್ಲು ನಿಂತಿದೆ. ಎದೆಮಟ್ಟ ಎತ್ತರ. ಎಣ್ಣೆ ಹಚ್ಚಿ ಹಚ್ಚಿ ಕಪ್ಪಗಾಗಿದೆ. ಹುಡುಗರಾಗಿದ್ದಾಗ ನಾವು ಅದಕ್ಕೆ ಒರಗಿ ಕೂತು ಶೇಂಗಾ ತಿನ್ನುತ್ತಿದ್ದೆವು. ಅಮಾವಾಸ್ಯೆ ಬಂದರೆ ನಮ್ಮ ಅಜ್ಜಿ ಅದರ ಮುಂದೆ ಒಂದು ಕಾಯಿ ಒಡೆಸುತ್ತಿದ್ದಳು. ಇದು ಯಾವ ದೇವರು ಅಂತ ಒಮ್ಮೆ ಕೇಳಿದ್ದೆ. "ದೇವ್ರಲ್ಲಪ್ಪ, ನಮ್ಮೂರ ಸಲುವಾಗಿ ಜೀವ ಬಿಟ್ಟಾತ" ಅಂದಳು. ಅಷ್ಟೇ. ಅವನ ಹೆಸರು ಅವಳಿಗೂ ಗೊತ್ತಿರಲಿಲ್ಲ.

ಆ ಕಲ್ಲು ನನಗೆ ನಿಜವಾಗಿ ಅರ್ಥವಾದದ್ದು ನಲವತ್ತು ದಾಟಿದ ಮೇಲೆ. ಅದೂ ಊರಲ್ಲಿ ಅಲ್ಲ, ನೊಯ್ಡಾದ ಒಂದು ಫ್ಲ್ಯಾಟಿನಲ್ಲಿ, ಮಗಳ ಹೋಂವರ್ಕ್ ಮಾಡಿಸುತ್ತಾ ಕೂತಿದ್ದಾಗ.

ನಾನು ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಗುಂತಕಲ್‌ಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಬಂದವನು ಇಲ್ಲೇ ಉಳಿದೆ. ಈ ಊರಲ್ಲಿ ಕ್ಯಾಪ್ಟನ್ ವಿಜಯಂತ್ ಥಾಪರ್ ಹೆಸರಿನ ಒಂದು ರಸ್ತೆ ಇದೆ. ಆಟೋದವರಿಗೆ ದಾರಿ ಹೇಳುವಾಗ ಎಷ್ಟು ಸಲ ಆ ಹೆಸರು ನನ್ನ ಬಾಯಲ್ಲಿ ಬಂದಿದೆಯೋ ಲೆಕ್ಕವಿಲ್ಲ. ಯಾರು ಅವರು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಮಗಳ ಟೀಚರ್ ಕೇಳಿದರು. ನಿಮಗೆ ಗೊತ್ತಿರುವ ಒಂದು ರಸ್ತೆಗೆ ಯಾರ ಹೆಸರಿದೆ, ಅವರು ಹೇಗೆ ಬದುಕಿದ್ದರು ಅಂತ ಒಂದು ಪುಟ ಬರೆದುಕೊಂಡು ಬನ್ನಿ ಅಂದಿದ್ದರು. ಹೇಗೆ ಸತ್ತರು ಅಂತಲ್ಲ, ಹೇಗೆ ಬದುಕಿದ್ದರು ಅಂತ. ಆ ಮಾತು ನನಗೆ ತುಂಬ ಹಿಡಿಸಿತು.

ವಿಜಯಂತ್ ಹುಟ್ಟಿದ್ದು 1976ರ ಡಿಸೆಂಬರ್ 26ರಂದು. ತಂದೆ ಕರ್ನಲ್ ವಿ. ಎನ್. ಥಾಪರ್. ನಮ್ಮ ದೇಶದಲ್ಲೇ ತಯಾರಾಗುತ್ತಿದ್ದ ವಿಜಯಂತ ಟ್ಯಾಂಕಿನ ಹೆಸರನ್ನೇ ಮಗನಿಗೆ ಇಟ್ಟರು. ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ರಾಬಿನ್ ಅಂತ. ಸೇನೆಗೆ ಸೇರಿದವರಲ್ಲಿ ಆ ಮನೆಯ ನಾಲ್ಕನೇ ತಲೆಮಾರು. 1998ರ ಡಿಸೆಂಬರಿನಲ್ಲಿ ಡೆಹ್ರಾಡೂನಿನ ಅಕಾಡೆಮಿ ಮುಗಿಸಿ 2ನೇ ರಾಜಪುತಾನಾ ರೈಫಲ್ಸ್ ಸೇರಿದರು. ಆಮೇಲೆ ಏಳು ತಿಂಗಳು ಕೂಡ ತುಂಬಲಿಲ್ಲ.

ಆ ಪಲ್ಟನ್ ಕಾಶ್ಮೀರದ ಕುಪ್ವಾರಾದಲ್ಲಿದ್ದಾಗ ಅವರಿಗೆ ರುಖ್ಸಾನಾ ಅನ್ನುವ ಆರು ವರ್ಷದ ಹುಡುಗಿ ಪರಿಚಯವಾದಳು. ಅವಳ ಕಣ್ಣೆದುರೇ ಉಗ್ರರು ಅವಳ ಅಪ್ಪನನ್ನು ಕೊಂದಿದ್ದರು. ಅಂದಿನಿಂದ ಮಗುವಿನ ಮಾತೇ ನಿಂತುಹೋಗಿತ್ತು. ಇಪ್ಪತ್ತೆರಡರ ಈ ಆಫೀಸರ್ ಬಿಡುವಾದಾಗೆಲ್ಲ ಅವಳನ್ನು ನೋಡಲು ಹೋಗುತ್ತಿದ್ದರು. ಮಿಠಾಯಿ ಕೊಟ್ಟು ಮಾತಾಡಿಸುತ್ತಿದ್ದರು. ರಜೆಗೆ ಬಂದಾಗ ತೆಗೆದುಕೊಂಡು ಹೋಗುತ್ತೇನೆ, ಆ ಮಗುವಿಗೆ ಒಂದು ಸಲ್ವಾರ್ ಕಮೀಜ್ ಹೊಲಿಸಿಡು ಅಂತ ಅಮ್ಮನಿಗೆ ಹೇಳಿದ್ದರಂತೆ. ಇದನ್ನು ಓದಿದಾಗ ಮಗಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ನಾನೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಷ್ಟರಲ್ಲಿ ಕಾರ್ಗಿಲ್ ಯುದ್ಧ ಶುರುವಾಯಿತು. ಪಲ್ಟನ್ ದ್ರಾಸ್‌ಗೆ ಹೋಯಿತು. ಜೂನ್ 13ರಂದು ತೊಲೊಲಿಂಗ್ ಶಿಖರ ಕೈಗೆ ಬಂತು. ಆ ಪಲ್ಟನ್ನಿನ ಮುಖ್ಯಸ್ಥರು ಯಾರು ಗೊತ್ತಾ? ಕರ್ನಲ್ ಎಂ. ಬಿ. ರವೀಂದ್ರನಾಥ್. ದಾವಣಗೆರೆ ಕಡೆಯವರು, ನಮ್ಮವರು. ಅವರಿಗೆ ವೀರಚಕ್ರ ಬಂತು. 2018ರಲ್ಲಿ ತೀರಿಕೊಂಡರು. ತೊಲೊಲಿಂಗ್ ಹೆಸರು ಕೇಳಿದ ಕನ್ನಡಿಗರು ಲಕ್ಷಗಟ್ಟಲೆ ಇದ್ದಾರೆ. ಅಲ್ಲಿ ಪಲ್ಟನ್ ನಡೆಸಿದವರು ಕನ್ನಡಿಗರು ಅಂತ ಗೊತ್ತಿರುವವರು ಎಷ್ಟು ಜನ? ನನಗೂ ಆ ದಿನದವರೆಗೆ ಗೊತ್ತಿರಲಿಲ್ಲ.

ಮುಂದಿನ ಗುರಿ ನೋಲ್ ಅನ್ನುವ ಚೂಪು ಗುಡ್ಡ. ಜೂನ್ 28ರ ರಾತ್ರಿ ಹತ್ತಬೇಕು. ಹುಣ್ಣಿಮೆಯ ಬೆಳಕು ಬೇರೆ, ಮೇಲಿರುವವರಿಗೆ ಎಲ್ಲ ಕಾಣುತ್ತದೆ. ಹೊರಡುವ ಮುಂಚೆ ವಿಜಯಂತ್ ಮನೆಗೆ ಒಂದು ಪತ್ರ ಬರೆದಿಟ್ಟರು. ತಾವು ತಿರುಗಿ ಬರದಿದ್ದರೆ ಮಾತ್ರ ಕಳಿಸಬೇಕಾದ ಪತ್ರ. ಹತ್ತುವ ಹೊತ್ತಿಗೆ ಶೆಲ್ ಬಿದ್ದು ಅವರ ತುಕಡಿಯಲ್ಲಿ ಹಲವರು ಸತ್ತರು. ಉಳಿದವರನ್ನು ಕೂಡಿಸಿಕೊಂಡು ವಿಜಯಂತ್ ಮೇಲೆ ಹತ್ತಿದರು. ಮಷಿನ್ ಗನ್ನಿನ ಗುಂಡು ತಲೆಗೆ ತಗುಲಿತು. ಜೊತೆಗಿದ್ದ ನಾಯಕ್ ತಿಲಕ್ ಸಿಂಗ್ ಅವರ ತೋಳಿನಲ್ಲಿ ಒರಗಿ ಜೀವ ಬಿಟ್ಟರು. ಅದೇ ರಾತ್ರಿ, ಅದೇ ಬೆಟ್ಟಸಾಲಿನಲ್ಲಿ ಹೈದರಾಬಾದಿನ ಮೇಜರ್ ಪದ್ಮಪಾಣಿ ಆಚಾರ್ಯ ತೀರಿಕೊಂಡರು. ಬರಿಗಾಲಲ್ಲಿ ಬಂಡೆ ಹತ್ತಿದ ನಾಗಾಲ್ಯಾಂಡಿನ ಕ್ಯಾಪ್ಟನ್ ಕೆಂಗುರೂಸೆ ತೀರಿಕೊಂಡರು. ಅವರಿಬ್ಬರಿಗೂ ಮಹಾವೀರ ಚಕ್ರ, ವಿಜಯಂತ್‌ಗೆ ವೀರಚಕ್ರ ಬಂತು.

ಇನ್ನು ಆ ಪತ್ರ. ಚಿಕ್ಕದು. ಇಂಗ್ಲಿಷಿನಲ್ಲಿದೆ. ಮಗಳಿಗೆ ಅರ್ಥವಾಗಲಿ ಅಂತ ನಾನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆ. ಮೊದಲ ಸಾಲಿಗೇ ನಿಂತುಬಿಟ್ಟೆ. ಈ ಪತ್ರ ನಿಮಗೆ ಸಿಗುವ ಹೊತ್ತಿಗೆ ನಾನು ಆಕಾಶದಿಂದ ನಿಮ್ಮನ್ನೆಲ್ಲ ನೋಡುತ್ತಿರುತ್ತೇನೆ, ಅಪ್ಸರೆಯರು ನನಗೆ ಉಪಚಾರ ಮಾಡುತ್ತಿರುತ್ತಾರೆ ಅಂತ ಬರೆದಿದ್ದರು.

ಅಪ್ಸರೆಯರು! ನನ್ನ ಕಣ್ಣ ಮುಂದೆ ನಮ್ಮೂರ ಅಗಸಿಯ ಕಲ್ಲು ಬಂತು.

ವೀರಗಲ್ಲು ನೋಡಿದವರಿಗೆ ಗೊತ್ತು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂತಸ್ತಿನಲ್ಲಿ ಜಗಳ, ಕತ್ತಿ, ಬಿಲ್ಲು, ಕುದುರೆ. ನಡುವೆ ಅವನನ್ನು ಇಬ್ಬರು ಅಪ್ಸರೆಯರು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿರುತ್ತಾರೆ. ಮೇಲೆ ಶಿವಲಿಂಗ, ಅದರ ಮುಂದೆ ಅವನು ಕೈಮುಗಿದು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವೆರಡು ಇರುವ ತನಕ ಇವನ ಹೆಸರು ಇರಲಿ ಅಂತ. ನಮ್ಮ ನಾಡಿನ ಎಷ್ಟೋ ವೀರಗಲ್ಲುಗಳ ಮೇಲೆ ಒಂದೇ ಶ್ಲೋಕ ಮತ್ತೆ ಮತ್ತೆ ಬರುತ್ತದೆ. "ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ." ಗೆದ್ದರೆ ಸಿರಿ, ಸತ್ತರೆ ಅಪ್ಸರೆಯರು. ಉಳಿದ ಅರ್ಧ ಹೇಳುವುದೇನೆಂದರೆ, ಗಳಿಗೆಯಲ್ಲಿ ಅಳಿದುಹೋಗುವ ಈ ಮೈಗೆ ರಣದಲ್ಲಿ ಸಾಯಲು ಚಿಂತೆ ಯಾಕೆ ಅಂತ. ದ್ರಾಸಿನ ಚಳಿಯಲ್ಲಿ ಕೂತು ಪತ್ರ ಬರೆದ ಹುಡುಗ ನಮ್ಮ ಕಡೆಯ ಒಂದು ವೀರಗಲ್ಲನ್ನೂ ನೋಡಿರಲಿಕ್ಕಿಲ್ಲ. ಆದರೂ ಅದೇ ಮಾತು ಬಂತು.

ಪತ್ರ ಮುಂದುವರಿಯುತ್ತದೆ. ಸಾಧ್ಯವಾದರೆ ನಾವು ಹೋರಾಡಿದ ಜಾಗಕ್ಕೆ ಬಂದು ನೋಡಿ. ನನ್ನ ಫೋಟೋವನ್ನು ನಮ್ಮ ಕಂಪನಿಯ ಗುಡಿಯಲ್ಲಿ ಕರಣಿ ಮಾತೆಯ ಹತ್ತಿರ ಇಡುತ್ತಾರೆ ಅಂದುಕೊಂಡಿದ್ದೇನೆ. ಪಲ್ಟನ್ನಿಗೆ ಹೊಸದಾಗಿ ಬರುವ ಹುಡುಗರಿಗೆ ಈ ವಿಷಯ ಹೇಳಬೇಕು. ನನ್ನ ದೇಹದ ಯಾವ ಅಂಗ ಉಪಯೋಗಕ್ಕೆ ಬಂದರೂ ತೆಗೆದುಕೊಳ್ಳಲಿ. ಅನಾಥಾಶ್ರಮಕ್ಕೆ ಸ್ವಲ್ಪ ಹಣ ಕೊಡಿ. ರುಖ್ಸಾನಾಗೆ ತಿಂಗಳಿಗೆ 50 ರೂಪಾಯಿ ಕೊಡುವುದನ್ನು ನಿಲ್ಲಿಸಬೇಡಿ. ಈ ಜನರ ತ್ಯಾಗವನ್ನು ಯಾವತ್ತೂ ಮರೆಯಬೇಡಿ. ಕೊನೆಗೆ ಅಮ್ಮನ ಹತ್ತಿರ ತಪ್ಪಿಗೆ ಕ್ಷಮೆ. ನನ್ನ ಜೊತೆ ಹನ್ನೆರಡು ಜನ ಇದ್ದಾರೆ, ಅವರನ್ನು ಕೂಡಿಕೊಳ್ಳುವ ಹೊತ್ತಾಯಿತು ಅಂತ ಮುಗಿಸಿದ್ದಾರೆ.

ಮಗಳು ಮಲಗಿದ ಮೇಲೆ ನಾನು ಆ ಪತ್ರವನ್ನು ಇನ್ನೊಮ್ಮೆ ಓದಿದೆ. ಒಂದೊಂದೇ ಮಾತನ್ನು ನಮ್ಮ ಕಲ್ಲಿಗೆ ಹಿಡಿದು ನೋಡಿದೆ. ಜಾಗಕ್ಕೆ ಬನ್ನಿ ಅಂತಾರೆ. ನಮ್ಮ ಹಿರಿಯರು ಎಷ್ಟೋ ಸಲ ಬಿದ್ದ ಜಾಗದಲ್ಲೇ ಕಲ್ಲು ನಿಲ್ಲಿಸುತ್ತಿದ್ದರು. ಗುಡಿಯಲ್ಲಿ ಫೋಟೋ ಇಡಿ ಅಂತಾರೆ. ಇನ್ನೆಷ್ಟೋ ಕಲ್ಲುಗಳು ಇರುತ್ತಿದ್ದದ್ದು ಗುಡಿಯ ಅಂಗಳದಲ್ಲಿ, ಇಲ್ಲವೇ ಊರ ಅಗಸಿಯಲ್ಲಿ. ಹೊಸ ಹುಡುಗರಿಗೆ ಹೇಳಿ ಅಂತಾರೆ. ಅಕ್ಷರ ಬಾರದವರಿಗೂ ತಿಳಿಯಲಿ ಅಂತ ಕಥೆಯನ್ನೇ ಚಿತ್ರದಲ್ಲಿ ಕೆತ್ತುತ್ತಿದ್ದರು. ಯಾಕೆ ಸತ್ತ ಅಂತಲೂ ಬರೆಯುತ್ತಿದ್ದರು. ದನ ಹಿಡಿದುಕೊಂಡು ಹೋಗುವವರನ್ನು ತಡೆದು ಸತ್ತರೆ ತುರುಗೋಳು. ಹೆಣ್ಣಿನ ಮಾನ ಕಾಯಲು ಸತ್ತರೆ ಪೆಣ್ಬುಯ್ಯಲು. ಊರು ಉಳಿಸಲು ಸತ್ತರೆ ಊರಳಿವು.

ರುಖ್ಸಾನಾಗೆ 50 ರೂಪಾಯಿ ಅನ್ನುವ ಮಾತಿಗೂ ನಮ್ಮಲ್ಲಿ ಹೆಸರಿತ್ತು. ನೆತ್ತರುಗೊಡಗೆ. ಸತ್ತವನ ರಕ್ತಕ್ಕೆ ಬದಲಾಗಿ ಅವನ ಮನೆಯವರಿಗೆ ಬಿಟ್ಟುಕೊಟ್ಟ ಹೊಲ. ಕಲ್ನಾಡು ಅಂತಲೂ ಇತ್ತು, ಬಾಳ್ಗಳ್ಚು ಅಂತಲೂ ಇತ್ತು. ಕಲ್ಲು ನೆಟ್ಟು ಕೈತೊಳೆದುಕೊಳ್ಳುತ್ತಿರಲಿಲ್ಲ. ಅವನು ಬಿಟ್ಟುಹೋದ ಹೊಟ್ಟೆಗಳಿಗೆ ಅನ್ನ ಹೇಗೆ ಅಂತ ಊರೇ ಯೋಚಿಸುತ್ತಿತ್ತು. ಇದನ್ನು ಬರೆಯುವಾಗ ಈಗಲೂ ನನ್ನ ಎದೆ ತುಂಬುತ್ತದೆ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ.

ನಮ್ಮ ಪಕ್ಕದೂರಿನ ಒಬ್ಬ ಹುಡುಗ ಸೇನೆ ಸೇರಿದ್ದ. ನನಗಿಂತ ಚಿಕ್ಕವನು. ಆಫೀಸರ್ ಅಲ್ಲ, ಸಿಪಾಯಿ. ಬೆಳಗಾವಿ, ಕೊಡಗಿನ ಕಡೆ ಇರುವಷ್ಟು ಸೈನಿಕರ ಮನೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಇಲ್ಲ. ಹಾಗಾಗಿ ಒಬ್ಬ ಸೇನೆ ಸೇರಿದರೂ ಸುತ್ತ ಹತ್ತೂರಿಗೆ ಹೆಮ್ಮೆ. ಗಡಿಯಲ್ಲಿ ತೀರಿಕೊಂಡ. ಹೆಣ ಬಂದ ದಿನ ನಾನು ರಜೆಗೆ ಊರಲ್ಲೇ ಇದ್ದೆ. ಯಾರೂ ಹೇಳದೆ ಅಂಗಡಿಗಳು ಮುಚ್ಚಿದವು. ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟರು. ಕೂಲಿಗೆ ಹೋಗಬೇಕಾದವರು ಹೋಗಲಿಲ್ಲ. ಭಜನಿ ಮೇಳದವರು ರಾತ್ರಿಯೆಲ್ಲ ಕೂತು ಹಾಡಿದರು. ಅಷ್ಟು ಜನ ನಿಜವಾಗಿ ಅತ್ತದ್ದನ್ನು ನಾನು ನೊಯ್ಡಾದಲ್ಲಿ ನೋಡಿಲ್ಲ. ದೆಹಲಿಯಲ್ಲಿ ನೋಡಿಲ್ಲ. ಆ ಒಂದು ದಿನದ ಮಟ್ಟಿಗೆ ನಮ್ಮ ಜನರನ್ನು ಮೀರಿಸುವವರು ಯಾರೂ ಇಲ್ಲ.

ಆಮೇಲೆ? ಒಂದು ಸರ್ಕಲ್ಲಿಗೆ ಅವನ ಹೆಸರು ಬಂತು. ಬೋರ್ಡ್ ಬಂತು. ಅದರಲ್ಲಿ ಹುಟ್ಟಿದ ತಾರೀಖು, ಸತ್ತ ತಾರೀಖು, ವೀರಯೋಧ ಅನ್ನುವ ಪದ. ಕೆಳಗೆ ಬೋರ್ಡ್ ಹಾಕಿಸಿದವರ ಫೋಟೋ, ಅವನ ಫೋಟೋಗಿಂತ ದೊಡ್ಡದು. ಆಗಸ್ಟ್ 15ಕ್ಕೆ ಒಂದು ಹಾರ. ಮೂರು ವರ್ಷಕ್ಕೆ ಬಿಸಿಲಿಗೆ ಅವನ ಮುಖ ಬೆಳ್ಳಗಾಯಿತು. ಅವನು ಹೇಗಿದ್ದ, ಯಾಕೆ ಹೋದ, ಎಲ್ಲಿ ಬಿದ್ದ, ಜೊತೆಗೆ ಯಾರಿದ್ದರು, ಏನು ಬಿಟ್ಟುಹೋದ, ಒಂದೂ ಅಲ್ಲಿ ಇಲ್ಲ. ಸಾವಿರ ವರ್ಷ ಹಿಂದೆ ಅಕ್ಷರ ಬಾರದ ಕಲ್ಲುಕುಟಿಗ ಹೇಳಿದ್ದರಲ್ಲಿ ಕಾಲುಭಾಗವನ್ನೂ ನಮ್ಮ ಬಣ್ಣದ ಬೋರ್ಡ್ ಹೇಳುವುದಿಲ್ಲ.

ಇಲ್ಲಿ ನೊಯ್ಡಾ, ದೆಹಲಿಯ ರೀತಿ ಬೇರೆ. ಎಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಇಲ್ಲೂ ಆ ರಸ್ತೆಯಲ್ಲಿ ದಿನಾ ಓಡಾಡುವ ಬಹಳ ಜನಕ್ಕೆ ವಿಜಯಂತ್ ಯಾರೆಂದು ಗೊತ್ತಿಲ್ಲ. ಆದರೆ ಹಿಡಿದು ಮಾಡುವ ಕೆಲವು ಕೆಲಸಗಳಿವೆ. ದೆಹಲಿಯಲ್ಲಿ ಇಂಡಿಯಾ ಗೇಟ್ ಪಕ್ಕ 2019ರ ಫೆಬ್ರವರಿ 25ರಂದು ರಾಷ್ಟ್ರೀಯ ಯುದ್ಧ ಸ್ಮಾರಕ ಶುರುವಾಯಿತು. ಅಲ್ಲಿ ತ್ಯಾಗ ಚಕ್ರ ಅಂತ ಒಂದು ಸುತ್ತು ಗೋಡೆ. 25 ಸಾವಿರಕ್ಕೂ ಹೆಚ್ಚು ಹೆಸರು, ಒಬ್ಬೊಬ್ಬರಿಗೂ ಒಂದೊಂದು ಕಲ್ಲು. ಜನರಲ್ಲಿ ದೊಡ್ಡವರು ಸಣ್ಣವರು ಅಂತಿಲ್ಲ, ಸಿಪಾಯಿಗೂ ಅದೇ ಅಳತೆಯ ಕಲ್ಲು. ಸಂಜೆ ಹೊತ್ತು ಸತ್ತ ಸೈನಿಕರ ಮನೆಯವರನ್ನೇ ಕರೆಸಿ ಹೂವಿನ ಚಕ್ರ ಇಡಿಸುತ್ತಾರೆ. ನಾನು ಒಮ್ಮೆ ಕುಟುಂಬದ ಜೊತೆ ಹೋಗಿದ್ದೆ. ಅವತ್ತು ಬಂದವರು ಯಾವುದೋ ಹಳ್ಳಿಯ ವಯಸ್ಸಾದ ಹೆಂಗಸು, ತಲೆ ಮೇಲೆ ಸೆರಗು. ಮಗನೋ ಗಂಡನೋ ಗೊತ್ತಾಗಲಿಲ್ಲ. ಕೈ ನಡುಗುತ್ತಿತ್ತು. ಸುತ್ತ ನಿಂತಿದ್ದ ನೂರಾರು ಜನ ಉಸಿರು ಬಿಗಿಹಿಡಿದು ನಿಂತಿದ್ದರು.

ಮತ್ತೆ ಕರ್ನಲ್ ಥಾಪರ್. ಮಗ ಕರೆದ ಹಾಗೆ ಆ ತಂದೆ ವರ್ಷ ವರ್ಷವೂ ದ್ರಾಸ್‌ಗೆ ಹೋಗಿದ್ದಾರೆ. ವಯಸ್ಸಾದ ಮೇಲೂ ಮಗ ಬಿದ್ದ ಬೆಟ್ಟ ಹತ್ತಿದ್ದಾರೆ. ರುಖ್ಸಾನಾಳ ಕೈಬಿಡಲಿಲ್ಲ. ಮಗನ ಬಗ್ಗೆ ಶಾಲೆ ಶಾಲೆಗೆ ಹೋಗಿ ಮಕ್ಕಳ ಜೊತೆ ಮಾತಾಡಿದ್ದಾರೆ. ಒಂದು ಪತ್ರವನ್ನು ಒಂದು ಮನೆ ಇಷ್ಟು ವರ್ಷ ನಡೆಸಿಕೊಂಡು ಬಂದಿದೆ.

ಇದನ್ನು ಹೇಳಿದಾಗ ಊರಿನ ಗೆಳೆಯನೊಬ್ಬ ನನಗೆ ಒಂದು ಮಾತು ಕೇಳಿದ. ಅವರು ಆಫೀಸರ್ ಮನೆ, ಓದಿದವರು, ಬರೆಯಬಲ್ಲವರು, ಎಲ್ಲಿಗೆ ಬೇಕಾದರೂ ಹೋಗಬಲ್ಲವರು. ನಮ್ಮ ಸಿಪಾಯಿಯ ಅಪ್ಪ ಅಮ್ಮ ಭತ್ತದ ಗದ್ದೆಯಲ್ಲಿ ಕೂಲಿ ಮಾಡುವವರು, ಅವರು ಏನು ಮಾಡಬೇಕು? ಸರಿಯಾದ ಮಾತು. ನನ್ನನ್ನು ಬಹಳ ದಿನ ಕಾಡಿದ ಮಾತು. ಪೆನ್ನು ಇರುವ ಮನೆಯ ಮಗನ ನೆನಪು ಉಳಿಯುತ್ತದೆ, ಇಲ್ಲದ ಮನೆಯ ಮಗನದು ಅಳಿಯುತ್ತದೆ ಅಂತಾದರೆ ಅದು ಅನ್ಯಾಯ. ವಿಜಯಂತ್ ಕೂಡ ಮರೆಯಬೇಡಿ ಅಂತ ಕೇಳಿಕೊಂಡದ್ದು ತನ್ನನ್ನಲ್ಲ, ಜೊತೆಗಿದ್ದ ಆ ಜನರನ್ನು.

ಹಾಗೆ ನೋಡಿದರೆ ಇಲ್ಲೇ ನಮ್ಮ ಹಳೆಯ ರೀತಿ ದೊಡ್ಡದು. ಅದರಲ್ಲಿ ನೆನಪು ಮನೆಯ ಕೆಲಸ ಆಗಿರಲಿಲ್ಲ, ಊರ ಕೆಲಸ ಆಗಿತ್ತು. ದನ ಕಾಯುವವನಿಗೂ ಕಲ್ಲು ಇತ್ತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದ ಕಲ್ಲೊಂದು ಸಿಕ್ಕಿದೆ. ಅದರಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನುವ ನಾಯಿಯ ನೆನಪಿದೆ. ನಾಯಿಯ ಹೆಸರನ್ನೂ ಬಿಡದೆ ಕೆತ್ತಿದ ಜನ ನಾವು.

ಬರೆಯುವುದನ್ನು ಬಿಟ್ಟುಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಕಥೆ ನೋಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಯಲ್ಲಿ ಅವರು ತೀರಿಕೊಂಡರು. ತಮ್ಮದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಕೆಡವಿದ್ದರು. ಅದು ನಮ್ಮವರಿಗೆ ಗೊತ್ತೇ ಆಗಿರಲಿಲ್ಲ. ಎಷ್ಟೋ ವರ್ಷದ ಮೇಲೆ ಎದುರಾಳಿಗಳ ಕಡೆಯ ಮಾಹಿತಿಯಿಂದ ತಿಳಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ಮೂರು ವರ್ಷ ಅವರ ಮನೆಯವರು ಏನು ಅಂದುಕೊಂಡು ಬದುಕಿರಬೇಕು!

ನಮ್ಮ ಕಡೆಯವರಿಗೆ ನೆನಪಿಡಲು ಬರುವುದಿಲ್ಲ ಅಂತ ಮಾತ್ರ ಯಾರೂ ಹೇಳಬಾರದು. ಗಂಗಾವತಿ ಹತ್ತಿರದ ಕುಮ್ಮಟದುರ್ಗಕ್ಕೆ ಹೋಗಿ. ಕಂಪಿಲರಾಯನ ಮಗ ಕುಮಾರರಾಮ ದೆಹಲಿಯ ತುಘಲಕ್ ಸೈನ್ಯದ ಜೊತೆ ಕಾದಾಡಿ ಸತ್ತದ್ದು ಹತ್ತಿರ ಹತ್ತಿರ ಏಳುನೂರು ವರ್ಷದ ಹಿಂದೆ. ಆ ರಾಜ್ಯ ಅಳಿದದ್ದು 1327ರಲ್ಲಿ. ಜನ ಇವತ್ತಿಗೂ ಅವನ ಮರದ ತಲೆಯನ್ನು ಮಾಡಿ ಪೂಜಿಸುತ್ತಾರೆ. ಅವನ ಬಗ್ಗೆ ಏನನ್ನು ಹಾಡುತ್ತಾರೆ ಅಂತ ಗಮನಿಸಿದ್ದೀರಾ? ಸತ್ತದ್ದನ್ನು ಕೊನೆಗೆ ಹಾಡುತ್ತಾರೆ. ಅದಕ್ಕೆ ಮುಂಚೆ ಅವನ ಚೆಂಡಾಟ. ಆ ಚೆಂಡು ಹೋಗಿ ಚಿಕ್ಕಮ್ಮ ರತ್ನಾಜಿಯ ಅರಮನೆಯಲ್ಲಿ ಬಿದ್ದದ್ದು. ಅವಳು ಆಸೆಪಟ್ಟಾಗ ಇವನು ಒಲ್ಲೆ ಅಂದದ್ದು. ಪರನಾರಿ ಸಹೋದರ ಅಂತ ಹೆಸರು ಪಡೆದದ್ದು. ಗೆಳೆಯ ಕಾಟಣ್ಣನ ಜೊತೆಗಿನ ಬದುಕು. ಸಂಡೂರು ತಾಲೂಕಿನ ದರೋಜಿ ಈರಮ್ಮ ಬುರ್ರಕಥೆಯಲ್ಲಿ ಇಂಥ ಕಥೆಗಳನ್ನು ರಾತ್ರಿಗಟ್ಟಲೆ ಹಾಡುತ್ತಿದ್ದರು. ಓದು ಬರಹ ಬಾರದ ತಾಯಿ, ಎಲ್ಲ ನೆನಪಿನಿಂದಲೇ. 2014ರಲ್ಲಿ ತೀರಿಕೊಂಡರು.

ಅಲಾಯಿ ಹಬ್ಬ ನೋಡಿ ಬೇಕಾದರೆ. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಮೊಹರಂ ಹೇಗೆ ನಡೆಯುತ್ತದೆ ಅಂತ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ನನ್ನ ಇಲ್ಲಿಯ ಆಫೀಸಿನಲ್ಲಿ ಹೇಳಿದಾಗ ಎರಡೆರಡು ಸಲ ಕೇಳಿದರು. ಒಂದೂ ಮುಸಲ್ಮಾನರ ಮನೆ ಇಲ್ಲದ ಊರಲ್ಲೂ ದೇವರು ಕೂಡಿಸುತ್ತಾರೆ. ಕುಣಿ ತೋಡಿ ಬೆಂಕಿ ಹಾಕುತ್ತಾರೆ. ಲಿಂಗಾಯತರು, ಕುರುಬರು, ನಾಯಕರು ಎಲ್ಲರೂ ಹರಕೆ ಹೊರುತ್ತಾರೆ. ಕೈಗೆ ಲಾಡಿ ಅನ್ನುವ ಹರಕೆಯ ದಾರ ಕಟ್ಟಿಕೊಳ್ಳುತ್ತಾರೆ. ಮನೆಯಲ್ಲಿ ಚೋಂಗೆ ಅನ್ನುವ ಸಿಹಿ ಮಾಡುತ್ತಾರೆ. ಮುದಗಲ್ಲಿನ ಹಬ್ಬಕ್ಕಂತೂ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಕತಲ್ ರಾತ್ರಿ ಹೆಜ್ಜೆ ಹಾಕುತ್ತಾ ರಿವಾಯತ್ ಪದ ಹಾಡುತ್ತಾರೆ, ಅಚ್ಚ ಕನ್ನಡದಲ್ಲಿ.

ಯಾರ ಬಗ್ಗೆ? 680ನೇ ಇಸವಿಯಲ್ಲಿ, ಇಲ್ಲಿಂದ ಸಾವಿರಾರು ಮೈಲಿ ದೂರದ ಇರಾಕಿನ ಕರ್ಬಲಾ ಮೈದಾನದಲ್ಲಿ ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರ ಜೊತೆ ಸತ್ತವರ ಬಗ್ಗೆ. ಮದುಮಗನಾಗಿ ಯುದ್ಧಕ್ಕೆ ಹೋದ ಹರೆಯದ ಖಾಸೀಮನ ಬಗ್ಗೆ. ನೀರಿಲ್ಲದೆ ಬಾಯಾರಿದ ಮಕ್ಕಳ ಬಗ್ಗೆ. ನಾನು ಚಿಕ್ಕವನಿದ್ದಾಗ ನಮ್ಮೂರ ಒಬ್ಬ ಹಿರಿಯರು, ಹಣೆ ತುಂಬ ವಿಭೂತಿ ಹಚ್ಚಿದವರು, ಆ ಪದ ಹಾಡುತ್ತಾ ಅಳುತ್ತಿದ್ದರು. ಅವರು ಆ ಹುಡುಗನನ್ನು ತಮ್ಮ ಮನೆ ಮಗನ ಹಾಗೆ ಕಂಡಿದ್ದರು. ಸಾವಿರದ ಮುನ್ನೂರು ವರ್ಷ ಆದ ಮೇಲೂ, ನೋಡದ ನಾಡಿನ ಹುಡುಗನಿಗಾಗಿ ಅಳಬಲ್ಲ ಜನ ನಾವು. ನಮ್ಮ ಸರ್ಕಲ್ಲಿನ ಹುಡುಗನಿಗೆ ಮೂರು ವರ್ಷ ಸಾಕಾಯಿತಾ?

ನನಗೆ ಅನಿಸುವುದು ಇಷ್ಟು. ಖಾಸೀಮನಿಗೆ ಪದ ಇತ್ತು. ಕುಮಾರರಾಮನಿಗೆ ಕಥೆ ಇತ್ತು. ಅಗಸಿಯ ಕಲ್ಲಿನವನಿಗೆ ಚಿತ್ರ ಇತ್ತು, ಹೆಸರು ಅಳಿದರೂ ಅವನು ಏನು ಮಾಡಿದ ಅನ್ನುವುದು ಉಳಿಯಿತು. ಈಗಿನ ನಮ್ಮ ಹುಡುಗರಿಗೆ ನಾವು ತಾರೀಖು ಮಾತ್ರ ಕೊಟ್ಟಿದ್ದೇವೆ. ತಾರೀಖನ್ನು ನೆನೆದು ಯಾರೂ ಅಳುವುದಿಲ್ಲ.

ದುಡ್ಡಿನ ಮಾತಲ್ಲ ಇದು. ತಾಲೂಕಿಗೆ ಎಷ್ಟು ಜನ ಸತ್ತ ಸೈನಿಕರಿದ್ದಾರು? ಕೈಬೆರಳಲ್ಲಿ ಎಣಿಸುವಷ್ಟು. ಒಬ್ಬೊಬ್ಬರ ಮನೆಗೆ ಹೈಸ್ಕೂಲಿನ ನಾಲ್ಕು ಮಕ್ಕಳು ಒಂದು ನೋಟ್‌ಬುಕ್ ಹಿಡಿದು ಹೋಗಲಿ. ಅವ್ವನನ್ನು, ಅಪ್ಪನನ್ನು, ಹೆಂಡತಿಯನ್ನು, ಜೊತೆಗೆ ಓದಿದವರನ್ನು ಕೂರಿಸಿಕೊಂಡು ಕೇಳಲಿ. ಅವರು ಹೇಳಿದ ಮಾತಿನಲ್ಲೇ ಬರೆಯಲಿ, ತಿದ್ದುವುದು ಬೇಡ. ಜೊತೆಗಿದ್ದ ಜವಾನರು ಎಲ್ಲಿದ್ದಾರೆ ಅಂತ ಹುಡುಕಿ ಫೋನ್ ಮಾಡಲಿ. ಆ ಪುಟ ಶಾಲೆಯಲ್ಲಿ ಇರಲಿ. ಆಮೇಲೆ ಬೇಕಾದರೆ ಕಲ್ಲು ಕೆತ್ತಿಸೋಣ, ಮೂರು ಅಂತಸ್ತಿನದೇ. ಕೆಳಗೆ ಅವನು ಹೊತ್ತ ರೈಫಲ್, ಹತ್ತಿದ ಬೆಟ್ಟ. ಅಗಸಿಯಲ್ಲಿ ಹಳೆಯವನ ಪಕ್ಕದಲ್ಲೇ ನಿಲ್ಲಿಸೋಣ. ಅಲಾಯಿ ಪದ ಕಟ್ಟುವವರು ಇನ್ನೂ ಇದ್ದಾರೆ, ಇವನ ಮೇಲೂ ಒಂದು ಪದ ಕಟ್ಟಲಿ. ಮತ್ತೆ ಅವನು ಯಾರಿಗೆ 50 ರೂಪಾಯಿ ಕೊಡುತ್ತಿದ್ದ, ಯಾರ ಫೀಸು ಕಟ್ಟುತ್ತಿದ್ದ, ಯಾವ ಮಾತು ಕೊಟ್ಟು ಹೋಗಿದ್ದ ಅಂತ ತಿಳಿದುಕೊಂಡು ಅದನ್ನು ಊರು ನಡೆಸಲಿ. ಹೊರಗಿರುವ ನನ್ನಂಥವರು ಅದಕ್ಕೆ ಕೈ ಹಾಕಬಹುದು, ಅಲ್ವಾ? ಊರಿಂದ ದೂರ ಇದ್ದೇವೆ ನಿಜ. ಊರಿನ ಸಾಲ ದೂರ ಆಗುವುದಿಲ್ಲ.

ಬರೀ ಹೇಳಿ ಕೂರಬಾರದು ಅಂತ ಹೋದ ದಸರಾ ರಜೆಗೆ ಮಗಳನ್ನು ಕರೆದುಕೊಂಡು ಆ ಪಕ್ಕದೂರಿಗೆ ಹೋದೆ. ಹಿರಿಯರಿಗೆ ಎಡೆ ಇಡುವ ಮಾನೌಮಿ ಅಮಾವಾಸ್ಯೆ ಆಗಿ ನಾಲ್ಕು ದಿನ ಆಗಿತ್ತು. ಅವ್ವ ಹೊರಗೆ ಕಟ್ಟೆ ಮೇಲೆ ಕೂತಿದ್ದಳು. ಯಾವ ಆಫೀಸಿನವರು ಅಂತ ಕೇಳಿದಳು. ಆಫೀಸಿನವರಲ್ಲ ಅವ್ವಾ, ಪಕ್ಕದೂರಿನವರು ಅಂದೆ. ಮಗಳು ನೊಯ್ಡಾದಲ್ಲಿ ಬೆಳೆದವಳು, ಅವಳ ಕನ್ನಡ ತಡವರಿಸುತ್ತದೆ. ಆದರೂ ಅವಳೇ ಕೇಳಿದಳು. "ಅಜ್ಜೀ, ಮಾಮಾಗೆ ಏನು ಇಷ್ಟ ಇತ್ತು?"

ಅವ್ವ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. "ಎಲ್ರೂ ಬಂದು ಎಷ್ಟ್ ರೊಕ್ಕ ಬಂತು, ಸೈಟು ಕೊಟ್ರಾ ಅಂತ ಕೇಳ್ಯಾರವ್ವಾ. ಇದನ್ನ ಯಾರೂ ಕೇಳಿದ್ದಿಲ್ಲ" ಅಂದಳು.

ಆಮೇಲೆ ಎರಡು ಗಂಟೆ ಮಾತಾಡಿದಳು. ಕಾಲುವೆಯಲ್ಲಿ ಈಜಲು ಹೋಗಿ ಚಪ್ಪಲಿ ಕಳೆದುಕೊಂಡು ಬರುತ್ತಿದ್ದದ್ದು. ಭತ್ತದ ರಾಶಿ ಕಾಯಲು ಹೋದರೆ ಅದರ ಮೇಲೇ ನಿದ್ದೆ ಹೋಗುತ್ತಿದ್ದದ್ದು. ಮೊದಲ ಸಂಬಳದಲ್ಲಿ ತಂಗಿಗೆ ಹೊಲಿಗೆ ಮಷಿನ್ ತಂದದ್ದು. ರಜೆಗೆ ಬಂದರೆ ಬ್ಯಾಗು ಇಡುವ ಮೊದಲೇ ಮಂಡಕ್ಕಿ ಒಗ್ಗರಣಿ ಮಾಡು ಅನ್ನುತ್ತಿದ್ದದ್ದು, ಜೊತೆಗೆ ಮಿರ್ಚಿ ಬೇಕೇ ಬೇಕು ಅಂತ ಹಟ ಹಿಡಿಯುತ್ತಿದ್ದದ್ದು. ಈಗಲೂ ಅಮಾವಾಸ್ಯೆಗೆ ಎಡೆಯಲ್ಲಿ ಅದನ್ನೇ ಇಡುತ್ತಾಳೆ. ಅದೂ ನಮಗೆ ಗೊತ್ತಿರಲಿಲ್ಲ.

ಮಗಳು ಎಲ್ಲವನ್ನೂ ಬರೆದುಕೊಂಡಳು. ಹೊರಡುವಾಗ ಅವ್ವ ಅವಳ ಕೈ ಹಿಡಿದು, ಏನು ಬರೆದಿದ್ದೀಯ ಓದಿ ಹೇಳು ಅಂದಳು. ಮಗಳು ನಿಧಾನವಾಗಿ ಓದಿದಳು. ಅವ್ವ ಕಣ್ಣು ಮುಚ್ಚಿ ತಲೆ ಆಡಿಸುತ್ತಾ ಕೇಳಿದಳು. ಒಗ್ಗರಣಿಯ ಸಾಲು ಬಂದಾಗ ಮಾತ್ರ ಕೈ ಎತ್ತಿ ತಡೆದಳು.

"ಎರಡ್ ಮಿರ್ಚಿ ಅಲ್ಲವ್ವಾ. ನಾಕು. ನಾಕು ಅಂತ ಬರಿ."